ಕೂಗಿದರೆ ಹಿಮ ಕುಸಿಯುವುದಿಲ್ಲ

ಕೊಡಗಿನಲ್ಲಿ ಮಕ್ಕಳನ್ನು ಸೇನೆಗೆ ಕಳುಹಿಸಿದ ಮನೆಗಳು ಬಹಳ. ಚಳಿಗಾಲ ಬಂತೆಂದರೆ ಹಿಮಾಲಯದಲ್ಲಿ ಕೂಗಿದರೆ ಹಿಮಕುಸಿತವಾಗುತ್ತದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಕಾಳಜಿಯಿಂದಲೇ ಕಳುಹಿಸುತ್ತಾರೆ, ಆದರೆ ನಿಜವಲ್ಲ. ಜೋರು ಕೂಗಿನ ಒತ್ತಡ ಸುಮಾರು 2 ಪಾಸ್ಕಲ್ (ಪಾಸ್ಕಲ್ ಎಂದರೆ ಒತ್ತಡದ ಅಳತೆ). ಹಿಮದೊಳಗಿನ ದುರ್ಬಲ ಪದರ ಮುರಿಯಲು ನೂರಾರು ಪಾಸ್ಕಲ್ ಬೇಕು. ಅಪಾಯ ಹೆಚ್ಚಿರುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಗಟ್ಟಿ ಹಿಮದಡಿ ಸಕ್ಕರೆಯಂತೆ ಉದುರುವ ಹರಳುಗಳ ಪದರ ಅಡಗಿರುವಾಗ. ಹೊಸ ಹಿಮದ ಭಾರ, ಗಾಳಿ ತಂದು ಪೇರಿಸಿದ ಹಿಮ, ನಡೆಯುವವರ ತೂಕ ಆ ಪದರವನ್ನು ಮುರಿಯುತ್ತವೆ. ಹಿಮ ಸಂಶೋಧಕರು ಗುಂಡಿ ತೋಡಿ, ಒಂದೊಂದು ಪದರವನ್ನೂ ಬೆರಳಿನಿಂದ ಒತ್ತಿ ನೋಡುವುದು ಇದಕ್ಕಾಗಿಯೇ. ಇಂಥ ಸಂದೇಶ ಬಂದರೆ ಅದರಲ್ಲಿ ಯಾರು, ಎಲ್ಲಿ, ಹೇಗೆ ಅಳೆದರು ಎಂದಿದೆಯೇ ನೋಡಿ. ವಿಡಿಯೊ ಇದ್ದರೆ ಅದರ ಒಂದು ಚಿತ್ರವನ್ನು ಅಂತರ್ಜಾಲದಲ್ಲಿ ಹುಡುಕಿ, ಅದು ಮೊದಲು ಕಾಣಿಸಿಕೊಂಡ ದಿನಾಂಕವನ್ನು ಗಮನಿಸಿ.