ಬಾಮೈದ ಮುಳುಗಿದ

ಇವತ್ತು ಬೆಳಿಗ್ಗೆಯೂ ಟೂತ್‌ಪೇಸ್ಟ್ ಇರಲಿಲ್ಲ. ಟ್ಯೂಬ್ ಇತ್ತು, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿ ಬಾತ್‌ರೂಮಿನ ಕಿಟಕಿಯಲ್ಲಿ ಮಲಗಿತ್ತು. ಆಫೀಸಿಗೆ ಹೊತ್ತಾಗಿದೆ, ನಾನು ಬೆರಳಿಗೆ ಉಪ್ಪು ಹಚ್ಚಿಕೊಂಡು ಹಲ್ಲುಜ್ಜುತ್ತಿದ್ದೇನೆ. ಹಾಲ್‌ನಲ್ಲಿ ನನ್ನ ಬಾಮೈದ ನಮ್ಮ ಪೇಸ್ಟಿನಲ್ಲಿ ಮಾಸ್ಕು ತಿಕ್ಕುತ್ತಿದ್ದಾನೆ. ನೀರೊಳಗೆ ಹಾಕಿಕೊಳ್ಳುವ ಮಾಸ್ಕು. ಹೊಸದರ ಗಾಜಿಗೆ ಒಳಗಡೆ ಜಿಡ್ಡು ಇರುತ್ತದಂತೆ, ಪೇಸ್ಟ್ ಹಚ್ಚಿ ಉಜ್ಜದಿದ್ದರೆ ನೀರಿಗಿಳಿದ ಕೂಡಲೇ ಮಂಜು ಕವಿಯುತ್ತದಂತೆ. ಉಜ್ಜಿದ ಮೇಲೂ, ಇಳಿಯುವ ಮುಂಚೆ ಪ್ರತಿ ಸಲ ಒಳಗೆ ಉಗುಳಿ ಸವರಬೇಕಂತೆ. ಅದನ್ನೂ ಅಲ್ಲೇ ಮಾಡಿ ತೋರಿಸಿದ. ನನ್ನ ಮುಂದೆ ಉಪ್ಪಿಟ್ಟಿತ್ತು.

ವಿಷಯ ಇಷ್ಟೇ. ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಮುಳುಗಿ, 18 ಮೀಟರ್‌ವರೆಗೆ ಇಳಿಯಬಹುದು ಅನ್ನುವ ಕಾರ್ಡು ತಂದಿದ್ದಾನೆ. ಕಾರ್ಡು ಬಂದ ಮೇಲೆ ಬಿಸಿನೆಸ್ ಬೇಡವೇ? ದೋಣಿಗಳ ತಳ ತೊಳೆಯುವ ಬಿಸಿನೆಸ್. ನಿಂತ ದೋಣಿಯ ತಳಕ್ಕೆ ಪಾಚಿ ಕಟ್ಟುತ್ತದೆ. ಸಮುದ್ರವಾದರೆ ಬಾರ್ನಕಲ್ ಅನ್ನುವ ಚಿಪ್ಪಿನ ಜೀವಿಯೂ ಬಂದು ಅಂಟಿಕೊಳ್ಳುತ್ತದೆ. ದೋಣಿಯ ವೇಗ ಇಳಿಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಮುಳುಗಿ ಕೆರೆದುಕೊಟ್ಟರೆ ಮಾಲೀಕನಿಗೆ ಉಳಿತಾಯ, ಇವನಿಗೆ ಸಂಪಾದನೆ. ಲೆಕ್ಕವೆಲ್ಲ ಸರಿಯಾಗಿದೆ, ಸಮುದ್ರ ಮಾತ್ರ ನಮ್ಮ ಹಾಸನದಿಂದ ಶಿರಾಡಿ ಘಾಟಿಯ ಆಚೆಗಿದೆ.

"ಮಂಗಳೂರಲ್ಲಿ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಬಾರಪ್ಪ" ಅಂದೆ. "ಆಗಲ್ಲ ಭಾವ. ಆಳಕ್ಕೆ ಇಳಿದವರು ಅವತ್ತೇ ಘಾಟಿ ಹತ್ತಬಾರದು. ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಏಳುತ್ತೆ." ಮಾತು ನಿಜವೇ. ಆದರೆ ದೋಣಿಯ ತಳ ಎಷ್ಟು ಆಳದಲ್ಲಿರುತ್ತೆ ಅಂತ ಕೇಳಿದರೆ ವಿಷಯ ಬದಲಿಸುತ್ತಾನೆ. ಒಟ್ಟಿನಲ್ಲಿ ನೈಟ್ರೋಜನ್ ದೆಸೆಯಿಂದ ನಮ್ಮ ಮನೆಯಲ್ಲೇ ಉಳಿದಿದ್ದಾನೆ.

ಕಳೆದ ಭಾನುವಾರ ಗೊರೂರಿನ ಹಿನ್ನೀರಿಗೆ ಪ್ರಾಕ್ಟೀಸಿಗೆ ಹೊರಟೆವು. ಕೆಳಗೊಬ್ಬ ಇಳಿದರೆ ಮೇಲೊಬ್ಬ ಕಾಯಬೇಕು ಅನ್ನುವುದು ನಿಯಮವಂತೆ. ಕಾಯುವ ಕೆಲಸ ನನ್ನದು. ಮೀನು ಹಿಡಿಯುವ ಯಜಮಾನರೊಬ್ಬರು ಸಿಕ್ಕರು. "ತಳ ತೊಳೆಯಕ್ಕೆ ನೀರಿನ ಅಡಿಗ್ಯಾಕೆ ಹೋಗ್ತೀರಿ ಸಾ? ದಡಕ್ಕೆಳ್ದು ಮಗುಚಿದ್ರೆ ಆಯ್ತಲ್ಲ" ಅಂದರು. ಬಾಮೈದ ಕೇಳಲಿಲ್ಲ. ಬಿಟ್ಟಿ ಸೇವೆ ತಾನೇ ಅಂತ ಯಜಮಾನರು ಬೀಡಿ ಹಚ್ಚಿಕೊಂಡು ತೆಪ್ಪದಲ್ಲಿ ಕೂತರು.

ನೀರೊಳಗೆ ತೇಲುವವನಿಗೆ ಕಾಲೂರಲು ನೆಲವಿಲ್ಲ. ಅವನು ಬ್ರಷ್ಷಿನಿಂದ ದೋಣಿಯನ್ನು ಒತ್ತಿದರೆ ದೋಣಿ ಅವನನ್ನು ಒತ್ತುತ್ತದೆ. ದೊಡ್ಡ ದೋಣಿಯಾಗಿದ್ದರೆ ಇವನೇ ಹಿಂದೆ ಸರಿಯುತ್ತಿದ್ದ. ಇದು ದುಂಡನೆಯ ತೆಪ್ಪ, ತಿರುಗತೊಡಗಿತು. ಯಜಮಾನರು ಬೀಡಿ ಸಮೇತ ಒಮ್ಮೆ ನಮ್ಮ ಕಡೆ, ಒಮ್ಮೆ ಶೆಟ್ಟಿಹಳ್ಳಿ ಕಡೆ ಮುಖ ಮಾಡಿಕೊಂಡು ಸುತ್ತಿದರು. ತುಟಿ ಪಿಟಕ್ಕೆನ್ನಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಮೈದ ಮೇಲೆದ್ದ. ಎದ್ದವನೇ ಒಂದು ಕೈ ತಲೆ ಮೇಲಿಟ್ಟುಕೊಂಡ.

"ಅಯ್ಯೋ, ತಲೆ ಮೇಲೆ ಕೈ ಹೊತ್ಕೊಂಡನಲ್ಲ ರೀ!" ನನ್ನಾಕೆ ಕಿರುಚಿದಳು. ಮುಳುಗುವವರಲ್ಲಿ ಅದು "ನಾನು ಚೆನ್ನಾಗಿದ್ದೀನಿ" ಅನ್ನುವ ಸನ್ನೆಯಂತೆ. ನಮ್ಮ ಹಾಸನದಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಿದ್ದವರು ಹಾಗೆ ಕೂರುತ್ತಾರೆ. ಇರಲಿ, ಹುರಿದುಂಬಿಸೋಣ ಅಂತ ಹೆಬ್ಬೆರಳೆತ್ತಿ ತೋರಿಸಿದೆ. ಬ್ರಷ್ ಬಿಟ್ಟು ದಡಕ್ಕೇ ಈಜಿ ಬಂದ. "ಯಾಕೆ ಭಾವ, ಏನಾಯ್ತು?" ಹೆಬ್ಬೆರಳೆತ್ತಿದರೆ "ಸಾಕು, ಮೇಲೆ ಬಾ" ಅಂತ, ಯಾರೇ ತೋರಿಸಲಿ, ಕಾರಣ ಕೇಳದೆ ಬರಬೇಕಂತೆ. ಬಂದ ಮೇಲೆ ಮಾತ್ರ ಕಾರಣವನ್ನು ಬಹಳ ಹೊತ್ತು ಕೇಳುತ್ತಾನೆ.

ವಾಪಸ್ ಹೋದ. ತೆಪ್ಪ ತಿರುಗಿತು, ತಲೆ ಎದ್ದಿತು, ತಲೆ ಮೇಲೆ ಕೈ. ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ. ಈ ಸಲ ಹೆಬ್ಬೆರಳೆತ್ತಿದವರು ಯಜಮಾನರು. ಮತ್ತೆ ದಡಕ್ಕೆ ಬಂದ. ಆಮೇಲಿನ ಸಲ ನನ್ನ ಮಗಳು ಮಾವನಿಗೆ ಟಾಟಾ ಮಾಡಿದಳು. ಕೈ ಎತ್ತಿ ಬೀಸಿದರೆ "ಅಪಾಯ, ಕಾಪಾಡಿ" ಅಂತಂತೆ. ಸಿಲಿಂಡರ್ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಂದು, ಒಣ ನೆಲದ ಮೇಲೆ ಚುರುಮುರಿ ತಿನ್ನುತ್ತಿದ್ದ ಹುಡುಗಿಯನ್ನು ಕಾಪಾಡಿದ.

ಅಷ್ಟರಲ್ಲಿ ಯಜಮಾನರು ತೆಪ್ಪವನ್ನು ದಡಕ್ಕೆಳೆದು, ಮಗುಚಿ, ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ ಮುಗಿಸಿದ್ದರು.

ಇವನ ಮುಳುಗಾಟವನ್ನು ಮನೆಯಲ್ಲಿ ನಂಬಿದವಳು ಅಮ್ಮ ಒಬ್ಬಳೇ. ಅವಳ ತವರೂರು ಆ ನೀರಿನ ಕೆಳಗಿದೆ. 1979ರಲ್ಲಿ ಅಣೆಕಟ್ಟು ಮುಗಿಯಿತು. ಶೆಟ್ಟಿಹಳ್ಳಿಯ ಚರ್ಚಾದರೂ ಬೇಸಿಗೆಯಲ್ಲಿ ಮೇಲೇಳುತ್ತದೆ, ಜನ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅವಳ ಊರು ಏಳುವುದಿಲ್ಲ. ಹೇಮಾವತಿ ಭರ್ತಿಯಾಗಿ 2922 ಅಡಿ ಮುಟ್ಟಿತು ಅಂತ ಪೇಪರಿನಲ್ಲಿ ಬಂದ ದಿನ ಜಿಲ್ಲೆಗೆಲ್ಲ ಖುಷಿ, ಅವಳು ಪೇಪರ್ ಮಡಿಸಿಡುತ್ತಾಳೆ. ಆ ರಾತ್ರಿ ಇವನ ತಟ್ಟೆಗೆ ಮುದ್ದೆ ಹಾಕುತ್ತಾ ಕೇಳಿದಳು: "ಕೆಳಗೇನಾದ್ರೂ ಕಂಡಿತೇನಪ್ಪ? ಒಂದು ಜಗುಲಿ, ಕಲ್ಲುಕಂಬ?"

"ನನ್ನ ಕೈಯೇ ಕಾಣಲಿಲ್ಲ ಅತ್ತೆ, ಬರೀ ಕೆಸರು."

ಅಮ್ಮ ಇನ್ನೊಂದು ಮುದ್ದೆ ಹಾಕಿದಳು.

ಬೀದಿಯಲ್ಲಿ ಸುದ್ದಿ ಹರಡಿದೆ. ದೋಣಿ ಇರುವವರು ಯಾರೂ ಕರೆಯುತ್ತಿಲ್ಲ, ಸಂಪು ಇರುವವರೆಲ್ಲ ಕರೆಯುತ್ತಿದ್ದಾರೆ. ಹಿಂದಿನ ಬೀದಿಯವರ ಬಿಂದಿಗೆ ಬಾವಿಗೆ ಬಿತ್ತಂತೆ. ಪಾತಾಳಗರಡಿ ಹುಡುಕುವ ಬದಲು ನಮ್ಮನೆ ಬೆಲ್ ಒತ್ತಿದರು. ಅವನು ಮುಖ ಊದಿಸಿಕೊಂಡು ಕೂತ. ಇದರ ಮಧ್ಯೆ ಹೆಣ್ಣಿನ ಕಡೆಯವರ ಫೋನು: ಹುಡುಗ ಏನು ಮಾಡ್ಕೊಂಡಿದಾನೆ? "ಮರೈನ್ ಸರ್ವಿಸ್" ಅಂದಳು ನನ್ನಾಕೆ, ಧೈರ್ಯವಾಗಿ. ಯಾವ ಪೋರ್ಟಿನಲ್ಲಿ ಅಂತ ಆ ಕಡೆಯವರು ಕೇಳಿದ್ದು ನನಗೂ ಕೇಳಿಸಿತು.

"ಗೊರೂರು" ಅಂದಳು.

ಬೆಂಗಳೂರಿನವರು, ಇನ್ನೂ ಮ್ಯಾಪಿನಲ್ಲಿ ಹುಡುಕುತ್ತಿರಬೇಕು.