ಔತಣದಲ್ಲಿ ಎದ್ದು ನಿಂತು ಊಟ ರದ್ದು ಮಾಡಿದವರು

1894ರ ಏಪ್ರಿಲ್ 5ರಂದು ಫ್ರಾನ್ಸಿನ ರಾಸಾಯನಿಕ ತಯಾರಕರ ಸಂಘದವರು ಒಂದು ಔತಣ ಇಟ್ಟುಕೊಂಡಿದ್ದರು. ಅಲ್ಲಿ ಮಾತಾಡಲು ಎದ್ದ ರಸಾಯನಶಾಸ್ತ್ರಜ್ಞ ಮಾರ್ಸೆಲಿನ್ ಬರ್ತಲೋ 2000ನೇ ಇಸವಿಯ ಕಾಲಜ್ಞಾನ ನುಡಿದರು. ಬೇಸಾಯ ಇರುವುದಿಲ್ಲ, ಉಳುವವನಿರುವುದಿಲ್ಲ, ಕುರಿ ಕಾಯುವವನೂ ಇರುವುದಿಲ್ಲ. ಪ್ರತಿಯೊಬ್ಬನೂ ಸಾರಜನಕದ, ಎಂದರೆ ಪ್ರೋಟೀನಿನ, ಒಂದು ಬಿಲ್ಲೆ, ಒಂದು ಸಣ್ಣ ಮುದ್ದೆ ಕೊಬ್ಬು, ಒಂದು ಚೂರು ಪಿಷ್ಟ ಇಲ್ಲವೇ ಸಕ್ಕರೆ, ತನ್ನ ರುಚಿಗೆ ತಕ್ಕ ಮಸಾಲೆಯ ಪುಟ್ಟ ಸೀಸೆ ಇಷ್ಟನ್ನು ಒಯ್ದರೆ ಸಾಕು, ಊಟ ಮುಗಿಯಿತು.

ಇದನ್ನು ಹೇಳಿದ್ದು ಔತಣದಲ್ಲಿ. ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಸ್ಮಶಾನ ವೈರಾಗ್ಯ ಎಂದು ನಮ್ಮ ಹಿರಿಯರು ಮೂರೇ ಹೇಳಿ ನಿಲ್ಲಿಸಿದ್ದರು. ಔತಣ ವೈರಾಗ್ಯ ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ನನಗೆ ಹಿಡಿಸಿದ್ದು ಆ ಮಸಾಲೆ ಸೀಸೆ. ಭೂಮಂಡಲದ ಅಡುಗೆಮನೆಗಳನ್ನೆಲ್ಲ ಕಿತ್ತು ಹಾಕಿದ ಮಹಾನುಭಾವರಿಗೂ ಚಟ್ನಿಪುಡಿ ಬಿಡಲಾಗಲಿಲ್ಲ!

ಭವಿಷ್ಯದ ಕಥೆ ಬರೆಯುವವರು ಇದನ್ನು ಇನ್ನೂ ಕುಗ್ಗಿಸಿ ಗುಳಿಗೆ ಮಾಡಿದರು. ಒಂದು ನುಂಗು, ಊಟವಾಯಿತು. ಲೆಕ್ಕ ಮಾತ್ರ ಯಾರೂ ಹಾಕಲಿಲ್ಲ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಊಟದ ಪದಾರ್ಥಗಳಲ್ಲಿ ಅದಕ್ಕಿಂತ ಹೆಚ್ಚು ಕೊಡುವುದು ಇಲ್ಲ. ದಿನಕ್ಕೆ 2000 ಕ್ಯಾಲೊರಿ ಬೇಕೆಂದರೆ, ಬರೀ ಕೊಬ್ಬನ್ನೇ ಅರ್ಧ ಗ್ರಾಮಿನ ಗುಳಿಗೆ ಮಾಡಿದರೂ 444 ಬೇಕು. ಹೊತ್ತಿಗೆ 148. ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ, ಬಕೆಟ್ಟಿನಿಂದ ಬಡಿಸಬೇಕಾದೀತು: ‘ಇನ್ನೊಂದು ಸೌಟು ಹಾಕಿಸಿಕೊಳ್ಳಿ ರಾಯರೇ, ಸಂಕೋಚ ಮಾಡಬೇಡಿ!’

ಕಥೆಗಳಲ್ಲಿ ಈ ಗುಳಿಗೆ ನುಂಗುವವರು ಹೆಚ್ಚಾಗಿ ಆಕಾಶದಲ್ಲೇ ಇರುತ್ತಾರೆ. ನಿಜವಾಗಿ ಆಕಾಶಕ್ಕೆ ಹೋದವರೋ? 1984ರಲ್ಲಿ ರಾಕೇಶ್ ಶರ್ಮಾ ಹೊರಟಾಗ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಕಟ್ಟಿಕೊಟ್ಟ ಬುತ್ತಿಯಲ್ಲಿ ರವೆಯ ಹಲ್ವ ಇತ್ತು. 2025ರಲ್ಲಿ ಶುಭಾಂಶು ಶುಕ್ಲಾ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ ಒಯ್ದು ಜೊತೆಯವರಿಗೂ ಹಂಚಿದರು. ಹಬ್ಬಕ್ಕೆ ಊರಿಗೆ ಹೋದವರ ಹಾಗೆ.

ಗುಳಿಗೆ ಆಗದಿದ್ದರೇನು, ಪುಡಿ ಇದೆಯಲ್ಲ ಎಂದು ಅಮೆರಿಕದ ಹುಡುಗರು 2013ರಲ್ಲಿ ಕಂಪನಿ ತೆರೆದರು. ಅದಕ್ಕೆ ಇಟ್ಟ ಹೆಸರು ಸಾಯ್ಲೆಂಟ್. 1966ರ ಕಾದಂಬರಿಯೊಂದರಿಂದ ಎತ್ತಿಕೊಂಡದ್ದು. ಆದರೆ ಲೋಕಕ್ಕೆ ಆ ಹೆಸರು ಗೊತ್ತಿದ್ದದ್ದು 1973ರ ಸಿನಿಮಾದಿಂದ. ಸಿನಿಮಾದಲ್ಲಿ ಆ ತಿನಿಸನ್ನು ಮಾಡುವುದು ಸತ್ತ ಮನುಷ್ಯರಿಂದ. ಎಳೆ ಮಕ್ಕಳ ಹಾಲಿನ ಪುಡಿಗೆ ‘ಪೂತನಿ’ ಎಂದು ಹೆಸರಿಟ್ಟ ಹಾಗೆ. ಅದೂ ಖರ್ಚಾಯಿತು. ಜೂಸೆರೊ ಎಂಬ ಇನ್ನೊಂದು ಕಂಪನಿಯದು ವೈಫೈ ಇದ್ದರೇ ರಸ ಹಿಂಡುವ ಯಂತ್ರ, ಮೊದಲ ಬೆಲೆ 699 ಡಾಲರ್. ಅವರೇ ಮಾರುವ ಪೊಟ್ಟಣವನ್ನು ಕೈಯಲ್ಲಿ ಹಿಂಡಿದರೂ ಹೆಚ್ಚುಕಮ್ಮಿ ಅಷ್ಟೇ ರಸ ಬರುತ್ತದೆಂದು 2017ರಲ್ಲಿ ಪತ್ರಕರ್ತರು ತೋರಿಸಿದರು. ಆ ವರ್ಷವೇ ಬಾಗಿಲು ಹಾಕಿತು.

ನಮ್ಮಣ್ಣನ ಮಗನೂ ಈ ಪುಡಿ ಪಂಥದವನು. ಮಧ್ಯಾಹ್ನ ಎರಡು ಚಮಚ ಪುಡಿ, ನೀರು, ಗಡಗಡ ಅಲ್ಲಾಡಿಸಿದರೆ ಮುಗಿಯಿತು. ‘ಚಿಕ್ಕಪ್ಪ, ಊಟಕ್ಕೆ ಅಂತ ದಿನಾ ಒಂದು ಗಂಟೆ ವೇಸ್ಟು. ನಾನು ಉಳಿಸ್ತಿದೀನಿ’ ಅನ್ನುತ್ತಾನೆ. ಉಳಿಸಿದ ಗಂಟೆಯಲ್ಲಿ ಯಾರೋ ದೊನ್ನೆ ಬಿರಿಯಾನಿ ತಿನ್ನುವ ರೀಲ್ಸ್ ನೋಡುತ್ತಾನೆ. ನಾಲ್ಕು ಗಂಟೆಗೆ ಕೋಡುಬಳೆ ಡಬ್ಬದ ಮುಚ್ಚಳ ಬಿಚ್ಚುವ ಸದ್ದು. ಶೇಕರ್ ಸಿಂಕಿನಲ್ಲಿ ಬಿದ್ದಿರುತ್ತದೆ. ಅದರ ಮುಚ್ಚಳದ ತಿರುಪಿನ ಸಂದಿಯಲ್ಲಿ ಪುಡಿ ಗಾರೆಯ ಹಾಗೆ ಹಿಡಿದು, ಎರಡು ದಿನ ಬಿಟ್ಟರೆ ಹುಳಿ ವಾಸನೆ. ಅತ್ತಿಗೆ ಹಳೇ ಟೂತ್‌ಬ್ರಷ್ ಹಿಡಿದು ಅದನ್ನು ಕೆರೆಯುತ್ತ, ‘ಒಂದು ತಟ್ಟೆ ಅನ್ನ ಉಂಡಿದ್ರೆ ಇಷ್ಟೊತ್ತಿಗೆ ತೊಳೆದು ಕವುಚಿ ಹಾಕಿರ್ತಿದ್ದೆ’ ಎಂದರು.

ಸಮಾಧಾನಕ್ಕೆಂದು ನಾನು ರುಕೈಯಾ ಬೇಗಂ ಕಥೆ ತೆಗೆದೆ. ಬಂಗಾಳದ ಆ ಹೆಣ್ಣುಮಗಳು 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ‘ಸುಲ್ತಾನಾಳ ಕನಸು’ ಬರೆದರು. ಅವರ ಹೆಣ್ಣುನಾಡಿನಲ್ಲಿ ಊಟ ರದ್ದಾಗಿಲ್ಲ. ತರಕಾರಿ ತೋಟದ ನಡುವೆ ಅಡುಗೆಮನೆ. ಇದ್ದಿಲಿಲ್ಲ, ಹೊಗೆಯಿಲ್ಲ, ಕೊಳವೆಯಲ್ಲಿ ಬಿಸಿಲು ಬರುತ್ತದೆ. ಸುಲ್ತಾನಾಳನ್ನು ಕರೆದುಕೊಂಡು ಹೋದವಳು ಅಲ್ಲೇ ನಿಂತು ಏನೋ ಬೇಯಿಸಿಯೂ ತೋರಿಸುತ್ತಾಳೆ. ಹೊಗೆಗೆ ಕಣ್ಣು ಉರಿಸಿಕೊಂಡವರಿಗೆ ತೆಗೆದುಹಾಕಬೇಕಾದ್ದು ಹೊಗೆ ಎಂದು ಗೊತ್ತಿರುತ್ತದೆ.

‘ಬಿಸಿಲು ಬರೋದಾದ್ರೆ ಸಿಲಿಂಡರ್ ಬುಕ್ ಮಾಡೋದು ತಪ್ಪಿತು’ ಎಂದರು ಅತ್ತಿಗೆ. ‘ಅಲ್ಲಿ ಪಾತ್ರೆ ತೊಳೆಯೋದು ಯಾರು?’

‘ಅದು ಬರೆದಿಲ್ಲ ಅತ್ತಿಗೆ. ಆದ್ರೆ ಸುಲ್ತಾನಾ ಅಡುಗೆಮನೆ ನೋಡೋಕೆ ಬರ್ತಾಳೆ ಅಂತ ಒಳಗಿದ್ದ ಗಂಡಸರನ್ನೆಲ್ಲ ಆಚೆ ಕಳಿಸಿದ್ದರಂತೆ.’

ಅತ್ತಿಗೆ ಟೂತ್‌ಬ್ರಷ್ ನನ್ನ ಕೈಗೆ ಕೊಟ್ಟು ಆಚೆ ಹೋದರು.