ಗುಂಡು ಹಾರಿಸಿದವರು ಯಾರೆಂಬುದನ್ನೂ ಮಕ್ಕಳಿಗೆ ಹೇಳಬೇಕು

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಅಳಿದುಳಿದಿರುವ ಕೋಟೆಯಲ್ಲಿ ಒಂದು ಕಲ್ಲಿನ ಫಲಕವಿದೆ. 1791ರ ಮಾರ್ಚ್ 21ರಂದು ಗೋಡೆಯ ಈ ಒಡಕಿನ ಮೂಲಕವೇ ಬ್ರಿಟಿಷ್ ಸೇನೆ ಒಳನುಗ್ಗಿತು ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತದೆ. ಅಂದು ಕೋಟೆಯನ್ನು ಕಾಯುತ್ತಲೇ ಪ್ರಾಣ ಬಿಟ್ಟ ಟಿಪ್ಪು ಸುಲ್ತಾನನ ಕಿಲ್ಲೇದಾರ (ಕೋಟೆಯ ಮುಖ್ಯಾಧಿಕಾರಿ) ಬಹಾದೂರ್ ಖಾನನ ಹೆಸರು ಅದರಲ್ಲಿಲ್ಲ. ನುಗ್ಗಿದ ಸೇನೆಯ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. ಇದಕ್ಕೆ ಹತ್ತು ವರ್ಷವೂ ತುಂಬಿರದಷ್ಟು ಹಿಂದೆ, 1781ರ ಅಕ್ಟೋಬರಿನಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್ಟನ್ ಮತ್ತು ಫ್ರೆಂಚರ ಸೇನೆಗಳಿಗೆ ಸೋತು, ಮೈಗೆ ಹುಷಾರಿಲ್ಲವೆಂದು ಶರಣಾಗತಿಯ ಸಮಾರಂಭಕ್ಕೆ ತಾನು ಬಾರದೆ ಕೈಕೆಳಗಿನ ಅಧಿಕಾರಿಯನ್ನು ಕಳುಹಿಸಿದವನು ಇದೇ ಕಾರ್ನ್‌ವಾಲಿಸ್. 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನ ಬಂದರಿನ ನೀರಿಗೆ ಸುರಿದ 342 ಪೆಟ್ಟಿಗೆ ಚಹಾ ಕೂಡ ನಮ್ಮನ್ನು ಆಳಲು ಬಂದ ಅದೇ ಈಸ್ಟ್ ಇಂಡಿಯಾ ಕಂಪನಿಯದಾಗಿತ್ತು.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಈಗ ಬಾಸ್ಟನ್ ಸಮೀಪ ನೆಲೆಸಿರುವ ನನಗೆ ಈ ಎರಡು ಊರುಗಳ ಚರಿತ್ರೆ ಬೇರೆ ಬೇರೆ ಎಂದು ಎಂದೂ ಅನ್ನಿಸಿಲ್ಲ. ಆದರೆ ಆ ಚರಿತ್ರೆಯನ್ನು ಎರಡು ಊರುಗಳು ಮಕ್ಕಳಿಗೆ ದಾಟಿಸುವ ರೀತಿಯಲ್ಲಿ ಬಹಳ ದೊಡ್ಡ ಅಂತರವಿದೆ. ಅಮೆರಿಕದ ಕ್ರಮವೇ ಮೇಲು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ನಮ್ಮ ಹೋರಾಟದ ಅತ್ಯಂತ ಕಷ್ಟದ ಭಾಗವನ್ನು ನಾವು ಮಕ್ಕಳಿಂದ ಮರೆಮಾಡಿದ್ದೇವೆ, ಅದಕ್ಕೆ ಕಾರಣವೂ ಇದೆ, ಆ ಕಾರಣವನ್ನು ಬಾಯಿಬಿಟ್ಟು ಹೇಳಬೇಕಾದ ಹೊತ್ತು ಬಂದಿದೆ ಎಂಬುದಷ್ಟೇ ನನ್ನ ಮಾತು.

ಬಾಸ್ಟನ್ ನಗರದ ಕಾಲುದಾರಿಯಲ್ಲಿ ಕೆಂಪು ಇಟ್ಟಿಗೆಯ ಗೆರೆಯೊಂದು ಓಡುತ್ತದೆ. 1951ರಲ್ಲಿ ಪತ್ರಕರ್ತರೊಬ್ಬರ ಸಲಹೆಯಿಂದ ಹುಟ್ಟಿದ ಈ ‘ಫ್ರೀಡಂ ಟ್ರೇಲ್’ ಸುಮಾರು ನಾಲ್ಕು ಕಿಲೋಮೀಟರ್ ಉದ್ದವಿದ್ದು, ಅಮೆರಿಕದ ಸ್ವಾತಂತ್ರ್ಯ ಕ್ರಾಂತಿಗೆ ಸಂಬಂಧಿಸಿದ ಹದಿನಾರು ಸ್ಥಳಗಳನ್ನು ಒಂದಕ್ಕೊಂದು ಹೊಲಿಯುತ್ತದೆ. ಹಳೆಯ ಸ್ಟೇಟ್ ಹೌಸ್ ಕಟ್ಟಡದ ಮುಂದೆ ನೆಲದಲ್ಲಿ ವೃತ್ತಾಕಾರವಾಗಿ ಕಲ್ಲು ಹಾಸಿದ್ದಾರೆ. 1770ರ ಮಾರ್ಚ್ 5ರಂದು ಬ್ರಿಟಿಷ್ ಸೈನಿಕರ ಗುಂಡಿಗೆ ಐದು ಮಂದಿ ಬಲಿಯಾದ ಬಾಸ್ಟನ್ ಹತ್ಯಾಕಾಂಡವನ್ನು ಆ ಕಲ್ಲುಗಳು ಗುರುತಿಸುತ್ತವೆ. ಸತ್ತವರಲ್ಲಿ ಯಾರೂ ನಾಯಕರಲ್ಲ. ಕ್ರಿಸ್ಪಸ್ ಅಟಕ್ಸ್ ಎಂಬಾತ ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದ ನಾವಿಕ, ಇನ್ನೊಬ್ಬ ಹಗ್ಗದ ಕಾರ್ಖಾನೆಯ ಕೆಲಸಗಾರ, ಮತ್ತೊಬ್ಬ ಹದಿಹರೆಯದ ಹುಡುಗ. ಆದರೂ ಐವರ ಹೆಸರುಗಳೂ ಇಂದಿಗೂ ಉಳಿದಿವೆ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಆ ಘಟನೆಯನ್ನು ತರಗತಿಯಲ್ಲಿ ಕಲಿಸುವ ಬಗೆ. ಪಾಲ್ ರಿವಿಯರ್ ಎಂಬ ಅಕ್ಕಸಾಲಿ ಅಂದಿನ ಗೋಲಿಬಾರಿನ ಚಿತ್ರವೊಂದನ್ನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿ ಹಂಚಿದ. ಅದರಲ್ಲಿ ಸೈನಿಕರು ಸಾಲಾಗಿ ನಿಂತಿದ್ದಾರೆ, ಅವರ ಕ್ಯಾಪ್ಟನ್ ಕತ್ತಿಯೆತ್ತಿ ಗುಂಡಿಕ್ಕಲು ಆಜ್ಞೆ ಕೊಡುತ್ತಿದ್ದಾನೆ, ಎದುರಿನ ಜನ ನಿರಾಯುಧರಾಗಿ ಬೀಳುತ್ತಿದ್ದಾರೆ. ನನ್ನ ಮಗಳ ತರಗತಿಯಲ್ಲಿ ಈ ಚಿತ್ರದ ಜೊತೆಗೆ ನ್ಯಾಯಾಲಯದಲ್ಲಿ ಸಾಕ್ಷಿಗಳು ನುಡಿದ ಮಾತುಗಳನ್ನೂ ಕೊಟ್ಟು, ಚಿತ್ರ ಎಲ್ಲೆಲ್ಲಿ ಸುಳ್ಳು ಹೇಳುತ್ತಿದೆ, ಯಾರಿಗಾಗಿ ಹೇಳುತ್ತಿದೆ ಎಂದು ಮಕ್ಕಳಿಂದಲೇ ಬರೆಸಿದರು. ಆ ಸೈನಿಕರ ಪರವಾಗಿ ವಕಾಲತ್ತು ವಹಿಸಿದವನು ಮುಂದೆ ಆ ದೇಶದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್. ಕ್ಯಾಪ್ಟನ್ ಖುಲಾಸೆಯಾದ, ಎಂಟು ಮಂದಿ ಸೈನಿಕರಲ್ಲಿ ಆರು ಮಂದಿ ಬಿಡುಗಡೆಯಾದರು, ಇಬ್ಬರ ಹೆಬ್ಬೆರಳಿಗೆ ಬರೆ ಎಳೆದು ಬಿಟ್ಟರು. ಕ್ರಾಂತಿಯ ನಾಯಕನೊಬ್ಬ ಶತ್ರುವಿನ ಸೈನಿಕನಿಗೂ ನ್ಯಾಯ ಸಿಗಬೇಕೆಂದು ನಿಂತ ಸಂಗತಿಯನ್ನು ಮುಚ್ಚಿಡದೆ, ಅದನ್ನೇ ಹೆಮ್ಮೆಯ ಪಾಠವಾಗಿ ಹೇಳುವುದು ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿದೆ.

ಅಮೆರಿಕ ಈ ಪ್ರಾಮಾಣಿಕತೆಯನ್ನು ಎಲ್ಲ ವಿಷಯದಲ್ಲೂ ತೋರಿಸಿಲ್ಲ. ಎಲ್ಲ ಮನುಷ್ಯರೂ ಸಮಾನರೆಂದು ಘೋಷಿಸಿದ 1776ರ ಬರಹವನ್ನು ಸಿದ್ಧಪಡಿಸಿದ ಜೆಫರ್ಸನ್ ಗುಲಾಮರ ಒಡೆಯನಾಗಿದ್ದ. ವಾಷಿಂಗ್ಟನ್ ಅಧ್ಯಕ್ಷನಾಗಿ ಫಿಲಡೆಲ್ಫಿಯಾದಲ್ಲಿ ವಾಸವಿದ್ದ ಮನೆಯಲ್ಲಿ ಒಂಬತ್ತು ಮಂದಿ ಗುಲಾಮರಿದ್ದರು. ಅವರಲ್ಲಿ ಓನಿ ಜಡ್ಜ್ ಎಂಬ ಯುವತಿ 1796ರಲ್ಲಿ ತಪ್ಪಿಸಿಕೊಂಡು ಹೋದಳು, ಮತ್ತೆ ಸೆರೆಸಿಗಲಿಲ್ಲ. ಆ ಮನೆಯ ಜಾಗದಲ್ಲಿ ಈ ಒಂಬತ್ತು ಹೆಸರುಗಳನ್ನು ಕೆತ್ತಿದ ಸ್ಮಾರಕ ತೆರೆದುಕೊಂಡಿದ್ದು 2010ರಲ್ಲಿ, ಅದೂ ಅಲ್ಲಿನ ಕಪ್ಪುಜನರು ವರ್ಷಗಟ್ಟಲೆ ಒತ್ತಾಯಿಸಿದ ನಂತರ. 1779ರಲ್ಲಿ ವಾಷಿಂಗ್ಟನ್ನನ ಆಜ್ಞೆಯಂತೆ ಇರೊಕ್ವಾ ಎಂಬ ಮೂಲನಿವಾಸಿ ಜನರ ಹಳ್ಳಿಗಳನ್ನೂ ಪೈರನ್ನೂ ಸುಟ್ಟುಹಾಕಿದ ದಂಡಯಾತ್ರೆಯ ಬಗ್ಗೆ ಇಂದಿಗೂ ಬಹಳ ಮಕ್ಕಳಿಗೆ ತಿಳಿಯದು. ಆ ಕ್ರಾಂತಿಯ ಪಾಠ ಈಗಲೂ ಜಗಳದ ವಸ್ತುವೇ. ಆದರೆ ಆ ಜಗಳ ನಡೆಯುವುದು ಒಂದು ನಿರ್ದಿಷ್ಟ ಜಾಗದ ಮೇಲೆ, ನಿರ್ದಿಷ್ಟ ದಾಖಲೆಯ ಮೇಲೆ, ನಿರ್ದಿಷ್ಟ ಹೆಸರುಗಳ ಮೇಲೆ ಎಂಬುದನ್ನು ಗಮನಿಸಬೇಕು.

ಬೆಂಗಳೂರಿಗೆ ಬಂದರೆ, ಇಲ್ಲಿನ ನೆನಪು ಪ್ರತಿಮೆ, ಮಾಲಾರ್ಪಣೆ, ಜಯಂತಿ ಮತ್ತು ಮರುನಾಮಕರಣಗಳಲ್ಲಿ ಮುಗಿಯುತ್ತದೆ. ನಗರದ ಮುಖ್ಯ ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿಟ್ಟಿದ್ದೇವೆ, ಹತ್ತಿರದಲ್ಲೇ ಕುದುರೆಯೇರಿದ ರಾಯಣ್ಣನಿದ್ದಾನೆ. ಟಿಕೆಟ್ಟಿನಲ್ಲಿ ಅದು ಕೆಎಸ್‌ಆರ್ ಬೆಂಗಳೂರು ಆಗಿದೆ, ಜನರ ಬಾಯಲ್ಲಿ ಇನ್ನೂ ಮೆಜೆಸ್ಟಿಕ್ಕೇ. ದಿನವೂ ಆ ಬಾಗಿಲು ದಾಟುವ ಲಕ್ಷಾಂತರ ಮಂದಿಗೆ ರಾಯಣ್ಣ ಯಾತಕ್ಕಾಗಿ ಹೋರಾಡಿದ ಎಂದು ತಿಳಿಸುವ ಏರ್ಪಾಡು ನಮ್ಮಲ್ಲಿಲ್ಲ. ಅವನು ಕಿತ್ತೂರಿನ ಸಂಸ್ಥಾನಕ್ಕಾಗಿ ಮಾತ್ರ ಕತ್ತಿ ಹಿಡಿದವನಲ್ಲ. ಕಂಪನಿಯ ಕಂದಾಯ ಪದ್ಧತಿಯಿಂದ ಭೂಮಿ ಕಳೆದುಕೊಂಡ ಬಡವರನ್ನು ಕಟ್ಟಿಕೊಂಡು ಕಚೇರಿಗಳಿಗೆ ಬೆಂಕಿಯಿಟ್ಟವನು, ಖಜಾನೆ ಲೂಟಿ ಮಾಡಿದವನು. 1830ರಲ್ಲಿ ಅವನನ್ನು ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಭೂಮಿಯ ಪ್ರಶ್ನೆಯನ್ನೂ ದ್ರೋಹದ ಪ್ರಶ್ನೆಯನ್ನೂ ಕಳಚಿಬಿಟ್ಟರೆ ಉಳಿಯುವುದು ಕುದುರೆ ಮತ್ತು ಕತ್ತಿ ಮಾತ್ರ.

ಈ ಮಾತಿಗೆ ಪ್ರತಿಯಾಗಿ ಒಂದು ಸಂಗತಿಯನ್ನು ಹೇಳಲೇಬೇಕು. ರಾಯಣ್ಣನನ್ನು ಹೂಳಿದ ಜಾಗದಲ್ಲಿ ಬೆಳೆದ ನಂದಗಡದ ಆಲದ ಮರಕ್ಕೆ ಮಕ್ಕಳಿಲ್ಲದ ಹೆಣ್ಣುಮಕ್ಕಳು ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಉತ್ತರ ಕರ್ನಾಟಕದ ಲಾವಣಿಕಾರರು, ಗೀಗೀ ಮೇಳದವರು ಸರ್ಕಾರದ ಯಾವ ಆದೇಶಕ್ಕೂ ಕಾಯದೆ ಅವನನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಬಾಸ್ಟನ್ನಿನಲ್ಲಿ ನಾನು ಇಂಥದ್ದನ್ನು ಕಂಡಿಲ್ಲ. ಅಲ್ಲಿ ಕ್ರಾಂತಿಯ ನೆನಪು ನಾಗರಿಕರದ್ದು, ನಂದಗಡದಲ್ಲಿ ಅದು ಮನೆಯವರದ್ದು. ನಮ್ಮ ಶಾಲೆಯ ಪಾಠ ಈ ಎರಡಕ್ಕೂ ಸೇರದೆ, ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಉಳಿದಿದೆ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದ್ದ ಹಳೆಯ ಸೆಂಟ್ರಲ್ ಜೈಲು 2008ರಿಂದ ಸ್ವಾತಂತ್ರ್ಯ ಉದ್ಯಾನವಾಗಿದೆ. ಕಾವಲು ಗೋಪುರವನ್ನೂ ಕೆಲವು ಕೋಣೆಗಳನ್ನೂ ಉಳಿಸಿಕೊಂಡದ್ದು ಒಳ್ಳೆಯದಾಯಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಅಡ್ವಾಣಿ ಅವರು ಇಲ್ಲಿ ಸೆರೆಯಲ್ಲಿದ್ದರೆಂದು ಅನೇಕರು ಬಲ್ಲರು. ಆದರೆ 1943ರ ಮಾರ್ಚ್‌ನಲ್ಲಿ ಇದೇ ಜೈಲಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಮತ್ತು ಶಂಕರಪ್ಪ ಎಂಬ ಐವರು ಹಳ್ಳಿಗರನ್ನು ಗಲ್ಲಿಗೇರಿಸಿದ ವಿಷಯ, ಸಂಜೆ ಅಲ್ಲಿ ಕಾಲಾಡಿಸುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ಅವರು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನವರು. 1942ರ ಸೆಪ್ಟೆಂಬರ್‌ನಲ್ಲಿ ಆ ಊರಿನವರು ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಹಾರಿಸಿ, ಕಂದಾಯ ಕೊಡುವುದಿಲ್ಲವೆಂದು ಸಾರಿ, ಊರಿನ ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಕಂದಾಯ ಅಧಿಕಾರಿ) ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡು ತಮ್ಮದೇ ಸರ್ಕಾರ ನಡೆಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಹುಟ್ಟಿದ್ದು ಆಗ. ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಊರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಅವರಿಬ್ಬರೂ ಹತರಾದರು. ಆಮೇಲೆ ಸೇನೆ ಬಂತು, ಜನ ಕಾಡು ಸೇರಿದರು, ಮನೆಗಳು ಹಾಳಾದವು.

ಸತ್ತ ಆ ಇಬ್ಬರು ಅಧಿಕಾರಿಗಳು ಇಂಗ್ಲಿಷರಲ್ಲ. ಅವರು ಮೈಸೂರು ಸಂಸ್ಥಾನದ ನೌಕರರು, ಕನ್ನಡ ಮಾತಾಡುವವರು. ಐವರಿಗೆ ಗಲ್ಲು ವಿಧಿಸಿದ ನ್ಯಾಯಾಲಯ ಮೈಸೂರಿನದು. ಇದಕ್ಕೂ ಮೊದಲು, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದವರೂ ಮೈಸೂರಿನ ಪೊಲೀಸರೇ. ಮಡಿದವರು ಮೂವತ್ತಕ್ಕೂ ಹೆಚ್ಚು ಎಂದು ಜನ ಹೇಳುತ್ತಾರೆ, ಅಂದಿನ ಸರ್ಕಾರ ಒಪ್ಪಿಕೊಂಡ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್, ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಬೆಂಗಳೂರನ್ನು ಚೆಲುವಾಗಿಸಿದವರೆಂದು ಒಬ್ಬರನ್ನೂ, ರಾಜರ್ಷಿ ಎಂದು ಇನ್ನೊಬ್ಬರನ್ನೂ ನಾವು ಪ್ರೀತಿಯಿಂದ ನೆನೆಯುತ್ತೇವೆ. ನಾನೂ ಹಾಗೆಯೇ ನೆನೆಯುತ್ತೇನೆ. ನಾಲ್ವಡಿಯವರ ಕಾಲದ ಶಾಲೆ, ನೀರು, ವಿದ್ಯುತ್ತು, ಹಿಂದುಳಿದವರಿಗೆ ದೊರೆತ ಮೀಸಲಾತಿ ಇವೆಲ್ಲ ಎಷ್ಟು ನಿಜವೋ ವಿದುರಾಶ್ವತ್ಥದ ಗೋಲಿಬಾರೂ ಅಷ್ಟೇ ನಿಜ.

ನಮ್ಮ ಮರೆವಿಗೆ ಮೂಲ ಕಾರಣ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಬ್ರಿಟಿಷರು ಒಂದು ಕಡೆ, ಭಾರತೀಯರೆಲ್ಲ ಇನ್ನೊಂದು ಕಡೆ ಎಂಬ ಪಾಠದೊಳಗೆ ಹಳೆಯ ಮೈಸೂರಿನ ಹೋರಾಟ ಹಿಡಿಸುವುದಿಲ್ಲ. ಇಲ್ಲಿ ದಂಡು ಪ್ರದೇಶ ಬ್ರಿಟಿಷರದ್ದು, ಪೇಟೆ ಮಹಾರಾಜರದ್ದು, ಬೇಡಿಕೆ ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರದ್ದು. ದೇಶ ಸ್ವತಂತ್ರವಾದ ಮೇಲೂ ‘ಮೈಸೂರು ಚಲೋ’ ಎಂದು ಜನ ಬೀದಿಗಿಳಿಯಬೇಕಾಯಿತು, ಕೆ.ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜನರ ಸರ್ಕಾರ ಬಂದದ್ದು 1947ರ ಅಕ್ಟೋಬರ್‌ನಲ್ಲಿ. ಬೆಂಗಳೂರಿನ ಮಗುವಿಗೆ ಆಗಸ್ಟ್ 15 ಗೊತ್ತು, ಆ ಅಕ್ಟೋಬರ್ ಗೊತ್ತಿಲ್ಲ. ಅಮೃತಸರದ ಜಲಿಯನ್‌ವಾಲಾ ಬಾಗ್ ಗೊತ್ತು, ತನ್ನ ಊರಿನಿಂದ ಎರಡು ಗಂಟೆಯ ದಾರಿಯಲ್ಲಿರುವ ವಿದುರಾಶ್ವತ್ಥ ಗೊತ್ತಿಲ್ಲ.

ಇಷ್ಟು ದೊಡ್ಡ ಸಂಗತಿ ಬದಿಗಿದ್ದಾಗ ನಮ್ಮ ವಾದಗಳು ಬೇರೆ ಕಡೆ ಸವೆಯುತ್ತವೆ. ಟಿಪ್ಪು ಜಯಂತಿ 2015ರಲ್ಲಿ ಸರ್ಕಾರಿ ಆಚರಣೆಯಾಯಿತು, 2019ರಲ್ಲಿ ರದ್ದಾಯಿತು. ಸರ್ಕಾರ ಬದಲಾದಾಗಲೆಲ್ಲ ಪಠ್ಯಪುಸ್ತಕದ ಪಾಠಗಳು ಒಳಗೆ ಹೋಗುತ್ತವೆ, ಹೊರಗೆ ಬರುತ್ತವೆ, 2022ರ ಗದ್ದಲವನ್ನು ಯಾರೂ ಮರೆತಿಲ್ಲ. ಟಿಪ್ಪುವನ್ನು ಪೂಜಿಸಬೇಕೇ ಬೈಯಬೇಕೇ ಎಂಬ ಪ್ರಶ್ನೆ ಹದಿಮೂರು ವರ್ಷದ ಮಗುವಿಗೆ ಏನನ್ನೂ ಕಲಿಸುವುದಿಲ್ಲ. ಆ ಮಗುವನ್ನು ಕೋಟೆಯ ಫಲಕದ ಮುಂದೆ ನಿಲ್ಲಿಸಿ, ಇದನ್ನು ಯಾರು ಬರೆಸಿದರು, ಬಹಾದೂರ್ ಖಾನನ ಹೆಸರು ಏಕಿಲ್ಲ, ಕೊಡವರು ಮತ್ತು ಮಂಗಳೂರಿನ ಕ್ರೈಸ್ತರು ಟಿಪ್ಪುವನ್ನು ಬೇರೆ ರೀತಿಯಲ್ಲಿ ನೆನೆಯುವುದು ಏಕೆ ಎಂದು ಕೇಳಿದರೆ ಕಲಿಕೆ ಶುರುವಾಗುತ್ತದೆ.

ಬೆಂಗಳೂರಿಗೆ ಇದಕ್ಕೆ ಬೇಕಾದ ಅನುಕೂಲ ಬಾಸ್ಟನ್ನಿಗಿಂತ ಕಡಿಮೆಯೇನಿಲ್ಲ. ಕೋಟೆಯ ಒಡಕಿನಿಂದ ಹೊರಟರೆ, ಸ್ವಾತಂತ್ರ್ಯ ಚಳವಳಿಯ ಸಭೆಗಳು ಸೇರುತ್ತಿದ್ದ ಬನ್ನಪ್ಪ ಪಾರ್ಕು, 1942ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದ ಮೈಸೂರು ಬ್ಯಾಂಕ್ ವೃತ್ತ ಮತ್ತು ಸೆಂಟ್ರಲ್ ಕಾಲೇಜಿನ ಸುತ್ತಮುತ್ತ, ಈಸೂರಿನ ಐವರು ಕೊನೆಯುಸಿರೆಳೆದ ಜೈಲು, ರಾಯಣ್ಣನ ಪ್ರತಿಮೆ ಎಲ್ಲವೂ ನಾಲ್ಕೈದು ಕಿಲೋಮೀಟರಿನೊಳಗಿವೆ. ಇದೇ ದಾರಿಯಲ್ಲಿ ಮಕ್ಕಳನ್ನು ನಡೆಸಬಹುದು. ನಗರದ ಪ್ರತಿಭಟನೆಗಳಿಗೆಲ್ಲ ಈಗ ಅದೇ ಸ್ವಾತಂತ್ರ್ಯ ಉದ್ಯಾನವನ್ನೇ ಗೊತ್ತುಮಾಡಿರುವುದರಿಂದ, ಅಲ್ಲಿಗೆ ಹೋದ ಮಕ್ಕಳಿಗೆ ಇಂದಿನ ರೈತರೂ ಅಂಗನವಾಡಿ ಕಾರ್ಯಕರ್ತೆಯರೂ ಕೂತು ಘೋಷಣೆ ಕೂಗುವುದು ಕಾಣಿಸುತ್ತದೆ. ಅದನ್ನು ಪಾಠಕ್ಕೆ ಅಡ್ಡಿಯೆಂದು ತಿಳಿಯದೆ ಪಾಠದ ಭಾಗವಾಗಿಯೇ ತೋರಿಸಬೇಕು.

ಅಮೆರಿಕ ತನ್ನ ಸ್ವಾತಂತ್ರ್ಯದ 250ನೆಯ ವರ್ಷವಾದ 2026ಕ್ಕಾಗಿ 2016ರಲ್ಲೇ ಕಾನೂನಿನ ಮೂಲಕ ಆಯೋಗವೊಂದನ್ನು ರಚಿಸಿತು. ವಿದುರಾಶ್ವತ್ಥಕ್ಕೆ ನೂರು ತುಂಬುವುದು 2038ರಲ್ಲಿ, ಈಸೂರಿನ ಗಲ್ಲಿಗೆ 2043ರಲ್ಲಿ. ರಾಜ್ಯ ಪತ್ರಾಗಾರದ ಕಡತಗಳಲ್ಲಿ ಈ ಘಟನೆಗಳ ಬಗ್ಗೆ ಉಳಿದಿರುವುದನ್ನೆಲ್ಲ ಕನ್ನಡದಲ್ಲಿ ಪ್ರಕಟಿಸಿ, ಒಂಬತ್ತನೆಯ ತರಗತಿಯ ಮಕ್ಕಳು ಓದುವಷ್ಟು ಸರಳವಾಗಿ ಸಂಪಾದಿಸುವುದಕ್ಕೆ ಸಾಕಷ್ಟು ಸಮಯವಿದೆ. ಗಲ್ಲಿಗೇರಿದ ಐವರ ಮನೆಗಳಲ್ಲೂ, ಅಂದು ಹತರಾದ ಆ ಇಬ್ಬರು ಅಧಿಕಾರಿಗಳ ಮನೆಗಳಲ್ಲೂ ತಲೆಮಾರಿನಿಂದ ತಲೆಮಾರಿಗೆ ಏನೇನು ಹೇಳಿಕೊಂಡು ಬಂದಿದ್ದಾರೆಂದು ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಮಾತ್ರ ಅಷ್ಟು ಸಮಯವಿಲ್ಲ. ಆ ಕೆಲಸವನ್ನು ಈ ವರ್ಷವೇ ಆರಂಭಿಸಬೇಕು.